ಮೆದುಳಿನ ಗೆಡ್ಡೆಗೆ ಲೇಸರ್ ಕಾವು: ಕಂಪ್ಯೂಟರ್ ಮಾದರಿ ಕಟ್ಟುವ ಕ್ರಮ

ತಲೆಬುರುಡೆಯಲ್ಲಿ ಪೆನ್ಸಿಲ್ಲಿಗಿಂತ ಸಣ್ಣ ರಂಧ್ರ. ಅದರ ಮೂಲಕ ಗೆಡ್ಡೆಯ ನಡುವಿನವರೆಗೂ ಇಳಿಸಿದ ತೆಳು ಕೊಳವೆ, ಅಂದರೆ ಕ್ಯಾತಿಟರ್, ಅದರೊಳಗೆ ಲೇಸರ್ ಫೈಬರ್. ಕೆಲವು ನಿಮಿಷ ಬೆಳಕು ಹರಿಸಿದರೆ ಸುತ್ತಲಿನ ಅಂಗಾಂಶ ಒಳಗಿನಿಂದಲೇ ಬೇಯುತ್ತದೆ. ಇಷ್ಟೂ ನಡೆಯುವುದು ಎಂಆರ್‌ಐ ಯಂತ್ರದೊಳಗೆ. ವೈದ್ಯರು ಪರದೆಯ ಮೇಲೆ ತಾಪಮಾನದ ನಕ್ಷೆ ನೋಡುತ್ತಲೇ ಲೇಸರ್ ನಿಲ್ಲಿಸುತ್ತಾರೆ. ಲೇಸರ್ ಇಂಟರ್‌ಸ್ಟಿಷಿಯಲ್ ಥರ್ಮಲ್ ಥೆರಪಿ, ಚಿಕ್ಕದಾಗಿ ಲಿಟ್, ಎಂದು ಇದರ ಹೆಸರು. ಬಳಕೆಯಲ್ಲಿರುವ ಎರಡು ಮುಖ್ಯ ಯಂತ್ರಗಳಲ್ಲಿ ವಿಶುವಲೇಸ್ 980 ನ್ಯಾನೋಮೀಟರ್ ಬೆಳಕು ಬಳಸುತ್ತದೆ, ನ್ಯೂರೋಬ್ಲೇಟ್ 1064 ನ್ಯಾನೋಮೀಟರ್.

ಕಂಪ್ಯೂಟರ್ ಮಾದರಿಗೆ ನಾವು ಕೇಳುವ ಪ್ರಶ್ನೆ ಒಂದೇ: ಫೈಬರನ್ನು ಇಲ್ಲಿಟ್ಟು ಇಷ್ಟು ವ್ಯಾಟ್ ಇಷ್ಟು ಹೊತ್ತು ಕೊಟ್ಟರೆ ಎಲ್ಲಿಯವರೆಗೆ ಬೇಯುತ್ತದೆ? ಸಮೀಕರಣ ಬಿಡಿಸುವುದು ಇದರಲ್ಲಿ ಸುಲಭದ ಪಾಲು. ಬೆಳಕು ಎಷ್ಟು ದೂರ ತೂರುತ್ತದೆ, ರಕ್ತ ಎಷ್ಟು ಶಾಖ ಒಯ್ಯುತ್ತದೆ, ಕ್ಯಾತಿಟರ್‌ನೊಳಗಿನ ತಂಪು ನೀರು ಎಷ್ಟು ಕಸಿಯುತ್ತದೆ, ಈ ಮೂರರ ಮೇಲೆ ಉತ್ತರ ನಿಂತಿದೆ. ಹಾಗಾಗಿ ಪ್ರತಿ ಹಂತದಲ್ಲೂ ಒಂದು ಕೈಲೆಕ್ಕ ಕೊಟ್ಟಿದ್ದೇವೆ. ಅದು ತಾಳೆಯಾಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಪೈಥಾನ್, ನಂಪೈ ಗೊತ್ತಿರುವ ಎಂಜಿನಿಯರಿಂಗ್ ಅಥವಾ ಮೆಡಿಕಲ್ ಫಿಸಿಕ್ಸ್ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಹೀಗೆ ಕಟ್ಟಿದ ಮಾದರಿ ಕಲಿಕೆಗೆ, ಸಂಶೋಧನೆಗೆ. ರೋಗಿಯ ಚಿಕಿತ್ಸೆ ನಿರ್ಧರಿಸಲು ಇದನ್ನು ಬಳಸುವಂತಿಲ್ಲ.

1. ಚಿತ್ರದಿಂದ ಅಂಗಾಂಶದ ನಕ್ಷೆ

ಮೊದಲು ಬೇಕಾದ್ದು ಯಾವ ಜಾಗದಲ್ಲಿ ಯಾವ ಅಂಗಾಂಶ ಇದೆ ಎಂಬ ನಕ್ಷೆ. ಆಸ್ಪತ್ರೆಯ ದತ್ತಾಂಶ ಕೈಗೆ ಸಿಗದವರು ಮೆದುಳಿನ ಗೆಡ್ಡೆಗಳ ಚಿತ್ರಗಳಿರುವ ಬ್ರಾಟ್ಸ್ ಸಂಗ್ರಹದಿಂದ ಶುರು ಮಾಡಬಹುದು. ಅದರಲ್ಲಿ ಪ್ರತಿ ರೋಗಿಗೆ ನಾಲ್ಕು ಬಗೆಯ ಎಂಆರ್‌ಐ ಚಿತ್ರಗಳಿವೆ, ಒಂದು ಮಿಲಿಮೀಟರ್ ವಾಕ್ಸೆಲ್‌ಗಳಲ್ಲಿ, ಅಂದರೆ ಮೂರು ಆಯಾಮದ ಪಿಕ್ಸೆಲ್‌ಗಳಲ್ಲಿ. ಹಲವು ವರ್ಷಗಳ ಆವೃತ್ತಿಗಳಲ್ಲಿ ಗೆಡ್ಡೆಯ ಭಾಗಗಳಿಗೆ ಅಂಕಿ ಹೀಗಿದೆ: ಸತ್ತ ಒಳಭಾಗಕ್ಕೆ 1, ಸುತ್ತಲಿನ ಊತಕ್ಕೆ 2, ಕಾಂಟ್ರಾಸ್ಟ್ ದ್ರಾವಣ ಹೀರುವ ಭಾಗಕ್ಕೆ 4. ಬೂದು ಭಾಗ, ಬಿಳಿ ಭಾಗ ಮತ್ತು ಮಿದುಳುಬಳ್ಳಿಯ ದ್ರವವನ್ನು ನೀವೇ ಬೇರ್ಪಡಿಸಬೇಕು. ಅದಕ್ಕೆ ಎಫ್‌ಎಸ್‌ಎಲ್ ತಂತ್ರಾಂಶದ ಫಾಸ್ಟ್ ಸಾಕು. ಬ್ರಾಟ್ಸ್ ಚಿತ್ರಗಳಲ್ಲಿ ತಲೆಬುರುಡೆ ಮೊದಲೇ ತೆಗೆದಿರುತ್ತದೆ. ಮೆದುಳಿನ ಹೊರಗಿನ ಸೊನ್ನೆಯನ್ನು ಗಾಳಿ ಎಂದುಕೊಂಡರೆ ಲೆಕ್ಕ ಕೆಡುತ್ತದೆ. ಅಲ್ಲಿ ದ್ರವ ತುಂಬಿ.

ಈ ಹಂತದಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಎರಡರಲ್ಲೂ ಪ್ರೋಗ್ರಾಂ ಏನೂ ದೂರು ಹೇಳುವುದಿಲ್ಲ.

ಒಂದು, ಮರುಜೋಡಣೆ. ಕ್ಯಾತಿಟರ್ ಲಂಬ ಅಕ್ಷದ ಮೇಲೆ ನೆಟ್ಟಗೆ ಕೂರುವಂತೆ ಚಿತ್ರವನ್ನು ತಿರುಗಿಸಿ, ಅರ್ಧ ಮಿಲಿಮೀಟರ್ ಗ್ರಿಡ್‌ಗೆ ಇಳಿಸಬೇಕು. ಆಗ ಅಂಗಾಂಶದ ಅಂಕಿಗಳಿಗೆ ಹತ್ತಿರದ ವಾಕ್ಸೆಲ್‌ನ ಬೆಲೆಯನ್ನೇ ಕೊಡಿ. ಲೀನಿಯರ್ ವಿಧಾನ ಹಾಕಿದರೆ 0 ಮತ್ತು 4ರ ನಡುವೆ 2 ಹುಟ್ಟುತ್ತದೆ, ಗೆಡ್ಡೆಯ ಅಂಚಿನ ಸುತ್ತ ಇಲ್ಲದ ಊತದ ಒಂದು ಪದರ ಬಂದು ಕೂರುತ್ತದೆ. ನೋಡಲು ಅದು ನಿಜವಾದ ಊತದಂತೆಯೇ ಕಾಣುವುದೇ ದೊಡ್ಡ ತೊಂದರೆ.

ಇನ್ನೊಂದು, ಎಡ ಬಲ. ಚಿತ್ರ ನೋಡುವ ತಂತ್ರಾಂಶ 3ಡಿ ಸ್ಲೈಸರ್‌ನಲ್ಲಿ ನಿರ್ದೇಶಾಂಕ ಬಲಕ್ಕೆ ಮತ್ತು ಮುಂದಕ್ಕೆ ಹೆಚ್ಚುತ್ತದೆ. ಡೈಕಾಮ್ ಕಡತಗಳಲ್ಲಿ ಮತ್ತು ಪೈಥಾನ್‌ನ ಸಿಂಪಲ್ ಐಟಿಕೆಯಲ್ಲಿ ಎಡಕ್ಕೆ ಮತ್ತು ಹಿಂದಕ್ಕೆ. ಸ್ಲೈಸರ್‌ನಲ್ಲಿ ಗುರುತಿಸಿದ ಕ್ಯಾತಿಟರ್ ತುದಿಯನ್ನು ಹಾಗೆಯೇ ಪೈಥಾನ್‌ಗೆ ಕೊಟ್ಟರೆ ಫೈಬರ್ ಮೆದುಳಿನ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ಮೊದಲ ಎರಡು ಸಂಖ್ಯೆಗಳ ಚಿಹ್ನೆ ಬದಲಿಸಿ. ಆಮೇಲೆ ಕ್ಯಾತಿಟರ್ ಮುಖವಾಡವನ್ನು (ಕ್ಯಾತಿಟರ್ ಇರುವ ಜಾಗದ ಗುರುತನ್ನು) ಚಿತ್ರದ ಮೇಲೆ ಹೊದಿಸಿ ಕಣ್ಣಾರೆ ನೋಡಿ.

ಕೊನೆಗೆ ಫೈಬರ್ ತುದಿ ನಡುವೆ ಬರುವಂತೆ 60 ಮಿಲಿಮೀಟರ್ ಘನವೊಂದನ್ನು ಕತ್ತರಿಸಿಕೊಳ್ಳಿ. ಅರ್ಧ ಮಿಲಿಮೀಟರ್‌ಗೆ ಒಂದು ಕೋಶದಂತೆ ಒಟ್ಟು 17,28,000 ಕೋಶ. ಮಾಮೂಲಿ ಲ್ಯಾಪ್‌ಟಾಪ್ ಇದನ್ನು ತಾಳುತ್ತದೆ.

2. ಪ್ರತಿ ಅಂಗಾಂಶಕ್ಕೆ ಅದರ ಗುಣ

ಶಾಖದ ಗುಣಗಳು ಐಟಿಐಎಸ್ ಸಂಸ್ಥೆಯ ದತ್ತಾಂಶ ಕೋಶದಲ್ಲಿ ಸಿಗುತ್ತವೆ. ಬೂದು ಭಾಗಕ್ಕೆ ಸಾಂದ್ರತೆ 1045 ಕಿ.ಗ್ರಾಂ/ಘನಮೀಟರ್, ವಿಶಿಷ್ಟೋಷ್ಣ 3696 ಜೂಲ್/ಕಿ.ಗ್ರಾಂ/ಡಿಗ್ರಿ, ಉಷ್ಣವಾಹಕತೆ 0.55 ವ್ಯಾಟ್/ಮೀಟರ್/ಡಿಗ್ರಿ. ಬಿಳಿ ಭಾಗಕ್ಕೆ ಇದೇ ಕ್ರಮದಲ್ಲಿ 1041, 3583, 0.48. ಮಿದುಳುಬಳ್ಳಿಯ ದ್ರವಕ್ಕೆ 1007, 4096, 0.57. ರಕ್ತದ ಸಾಂದ್ರತೆ 1050, ವಿಶಿಷ್ಟೋಷ್ಣ 3617. ಇವು ಒಂದಕ್ಕೊಂದು ಹತ್ತಿರದ ಸಂಖ್ಯೆಗಳು. ಇವುಗಳನ್ನು ತಿದ್ದುತ್ತಾ ಕೂರುವುದು ಸಮಯ ಹಾಳು.

ರಕ್ತದ ಹರಿವು ಹಾಗಲ್ಲ. ಬೂದು ಭಾಗದಲ್ಲಿ ಪ್ರತಿ ಕಿಲೋಗೆ ನಿಮಿಷಕ್ಕೆ 764 ಮಿಲಿಲೀಟರ್, ಬಿಳಿ ಭಾಗದಲ್ಲಿ 212. ಸಮೀಕರಣಕ್ಕೆ ಬೇಕಾದ ಏಕಮಾನ ಸೆಕೆಂಡಿಗೆ ಇಷ್ಟು ಪಾಲು ಎಂಬುದು. ಮಿಲಿಲೀಟರನ್ನು ಘನಮೀಟರ್ ಮಾಡಿ, 60ರಿಂದ ಭಾಗಿಸಿ, ಸಾಂದ್ರತೆಯಿಂದ ಗುಣಿಸಿ. ಬೂದು ಭಾಗಕ್ಕೆ 0.0133, ಬಿಳಿ ಭಾಗಕ್ಕೆ 0.0037 ಬರಬೇಕು. 60ರ ಭಾಗಾಕಾರ ಬಿಟ್ಟುಹೋದರೆ ರಕ್ತ ಅರವತ್ತು ಪಟ್ಟು ಜೋರಾಗಿ ಹರಿದು ಗೆಡ್ಡೆ ಬಿಸಿಯೇ ಆಗುವುದಿಲ್ಲ. ಸಾಂದ್ರತೆ ಬಿಟ್ಟರೆ ಸಾವಿರ ಪಟ್ಟು ಕಡಿಮೆಯಾಗಿ ರಕ್ತವೇ ಇಲ್ಲದಂತಾಗುತ್ತದೆ. ಎರಡನೇ ತಪ್ಪು ಹೆಚ್ಚು ಅಪಾಯದ್ದು, ಏಕೆಂದರೆ ಚಿತ್ರ ಚೆನ್ನಾಗಿಯೇ ಬರುತ್ತದೆ.

ರಕ್ತಕ್ಕೆ ಇಷ್ಟು ಒತ್ತು ಯಾಕೆ? ಒಂದು ಬಿಂದುವಿನಿಂದ 10 ವ್ಯಾಟ್ ಶಾಖ ನಿರಂತರ ಹೊರಡುತ್ತಿದೆ ಎಂದುಕೊಳ್ಳಿ. ಸ್ಥಿರಸ್ಥಿತಿಯಲ್ಲಿ ದೂರದೊಂದಿಗೆ ತಾಪಮಾನ ಹೇಗೆ ಇಳಿಯುತ್ತದೆ ಎಂಬುದಕ್ಕೆ ನಿಖರ ಸೂತ್ರವಿದೆ: ವ್ಯಾಟನ್ನು 4 × ಪೈ × ಉಷ್ಣವಾಹಕತೆ × ದೂರದಿಂದ ಭಾಗಿಸಿ, ಎಕ್ಸ್‌ಪ್(−ದೂರ ÷ ರಕ್ತದ ಅಳತೆದೂರ) ಇಂದ ಗುಣಿಸಿ. ಉಷ್ಣವಾಹಕತೆಯನ್ನು ರಕ್ತದ ಸಾಂದ್ರತೆ × ವಿಶಿಷ್ಟೋಷ್ಣ × ಹರಿವಿನಿಂದ ಭಾಗಿಸಿ ವರ್ಗಮೂಲ ತೆಗೆದರೆ ಆ ಅಳತೆದೂರ ಸಿಗುತ್ತದೆ. ಬೂದು ಭಾಗದಲ್ಲಿ 3.3 ಮಿಲಿಮೀಟರ್, ಬಿಳಿ ಭಾಗದಲ್ಲಿ 5.9. ಈಗ ಒಂದು ಸೆಂಟಿಮೀಟರ್ ಆಚೆ ತಾಪಮಾನ ಎಷ್ಟು ಏರುತ್ತದೆ? ಬೂದು ಭಾಗದಲ್ಲಿ 7 ಡಿಗ್ರಿ, ಬಿಳಿ ಭಾಗದಲ್ಲಿ 30. ಲೇಸರ್ ಅದೇ, ದೂರ ಅದೇ; ಒಂದೆಡೆ ಬರೀ 44 ಡಿಗ್ರಿಯ ಆಸುಪಾಸಿನ ಬಿಸಿ, ಇನ್ನೊಂದೆಡೆ ಅಂಗಾಂಶ ಬೇಯುತ್ತದೆ.

ಗೆಡ್ಡೆಯ ರಕ್ತದ ಹರಿವಿಗೆ ಪುಸ್ತಕದ ಸಂಖ್ಯೆ ನಂಬಬೇಡಿ. ಗ್ಲಿಯೋಬ್ಲಾಸ್ಟೋಮಾ ಎಂಬ ಗೆಡ್ಡೆಯ ಸತ್ತ ಒಳಭಾಗಕ್ಕೆ ಸೊನ್ನೆ ಹಾಕಬಹುದು. ಕಾಂಟ್ರಾಸ್ಟ್ ಹೀರುವ ಹೊರಪದರಕ್ಕೆ ಆ ರೋಗಿಯ ಪರ್ಫ್ಯೂಷನ್ ಎಂಆರ್‌ಐ (ರಕ್ತದ ಹರಿವು ಅಳೆಯುವ ಚಿತ್ರ) ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಬಿಳಿ ಭಾಗದ ಬೆಲೆಯಿಂದ ಬೂದು ಭಾಗದ ಬೆಲೆಯವರೆಗೆ ಮೂರ್ನಾಲ್ಕು ಸಲ ಓಡಿಸಿ, ಉತ್ತರವನ್ನು ಒಂದು ಪಟ್ಟಿಯಾಗಿ ತೋರಿಸಿ. ಒಂದೇ ಗೆರೆ ಎಳೆದು ಇದೇ ಅಂಚು ಎನ್ನುವುದು ಸುಳ್ಳು ನಿಖರತೆ.

3. ಬೆಳಕು

ಮೆದುಳಿನಲ್ಲಿ ಈ ಬೆಳಕು ಹೀರಿಹೋಗುವುದಕ್ಕಿಂತ ಚದುರುವುದೇ ಹೆಚ್ಚು. ಹಾಲಿಗೆ ಟಾರ್ಚ್ ಬಿಟ್ಟಂತೆ. ಆದ್ದರಿಂದ ಪ್ರಸರಣದ ಅಂದಾಜು (ಬೆಳಕು ಶಾಖದಂತೆ ಹರಡುತ್ತದೆ ಎಂದುಕೊಳ್ಳುವ ಲೆಕ್ಕ) ಸಾಕಷ್ಟು ಚೆನ್ನಾಗಿ ಹೊಂದುತ್ತದೆ. ಕ್ಯಾತಿಟರ್‌ಗೆ ತೀರಾ ಹತ್ತಿರದಲ್ಲಿ ಮತ್ತು ತಿಳಿಯಾದ ದ್ರವದಲ್ಲಿ ಮಾತ್ರ ಅದು ಕೈಕೊಡುತ್ತದೆ. ಗೆಡ್ಡೆ ಮೆದುಳೊಳಗಿನ ದ್ರವದ ಕುಳಿಯಾದ ವೆಂಟ್ರಿಕಲ್‌ಗೆ ಅಂಟಿಕೊಂಡಿದ್ದರೆ, ಬೆಳಕಿನ ಕಣಗಳನ್ನು ಒಂದೊಂದಾಗಿ ಹಿಂಬಾಲಿಸುವ ಮಾಂಟೆ ಕಾರ್ಲೊ ವಿಧಾನಕ್ಕೆ ಹೋಗಿ; ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವ ಎಂಸಿಎಕ್ಸ್ ಉಚಿತವಾಗಿ ಸಿಗುತ್ತದೆ.

ಬೇಕಾದ ಗುಣಾಂಕಗಳು ಎರಡು: ಹೀರುವಿಕೆ ಮತ್ತು ದಿಕ್ಕಿನ ಒಲವನ್ನು ಕಳೆದ ಮೇಲಿನ ಚದುರುವಿಕೆ. ಅಭ್ಯಾಸಕ್ಕೆ ಮೀಟರಿಗೆ 50 ಮತ್ತು 1000 ಇಟ್ಟುಕೊಳ್ಳಿ. ಎರಡರ ಮೊತ್ತ 1050. 3 × 50 × 1050ರ ವರ್ಗಮೂಲ ಮೀಟರಿಗೆ 397. ಇದು ಬೆಳಕು ಕುಗ್ಗುವ ಗುಣಾಂಕ. ಇದರ ವಿಲೋಮ 2.5 ಮಿಲಿಮೀಟರ್, ಅಂದರೆ ಬೆಳಕು ತೂರುವ ಆಳ. ನಿಮ್ಮ ಲೆಕ್ಕದಲ್ಲಿ ಇದು 2.5 ಸೆಂಟಿಮೀಟರ್ ಅಥವಾ 0.25 ಮಿಲಿಮೀಟರ್ ಬಂದರೆ ಏಕಮಾನ ತಪ್ಪಿದೆ: ಪ್ರಬಂಧಗಳಲ್ಲಿ ಈ ಗುಣಾಂಕಗಳು ಒಮ್ಮೆ ಮಿಲಿಮೀಟರಿಗೆ, ಒಮ್ಮೆ ಸೆಂಟಿಮೀಟರಿಗೆ, ಒಮ್ಮೆ ಮೀಟರಿಗೆ ಇರುತ್ತವೆ. ತರಂಗಾಂತರವನ್ನೂ ನೋಡಿಕೊಳ್ಳಿ. ನೀರು 1064ಕ್ಕಿಂತ 980 ನ್ಯಾನೋಮೀಟರ್ ಬೆಳಕನ್ನು ಸುಮಾರು ಮೂರು ಪಟ್ಟು ಹೆಚ್ಚು ಹೀರುತ್ತದೆ. ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ.

ಫೈಬರ್ ತುದಿಯಲ್ಲಿ ಬೆಳಕು ಸುತ್ತಲೂ ಹರಡುವ ಭಾಗ 10 ಮಿಲಿಮೀಟರ್ ಉದ್ದವಿದೆ ಎನ್ನೋಣ. ಅರ್ಧ ಮಿಲಿಮೀಟರಿಗೊಂದರಂತೆ 21 ಬಿಂದುಗಳನ್ನು ಸಾಲಾಗಿ ಇಡಿ, 10 ವ್ಯಾಟನ್ನು ಅವಕ್ಕೆ ಸಮನಾಗಿ ಹಂಚಿ. ಪ್ರತಿ ಬಿಂದುವಿನಿಂದ ಬರುವ ಬೆಳಕಿನ ತೀವ್ರತೆ: 3 × ಬಿಂದುವಿನ ವ್ಯಾಟ್ × 1050, ಅದನ್ನು 4 × ಪೈ × ದೂರದಿಂದ ಭಾಗಿಸಿ, ಎಕ್ಸ್‌ಪ್(−397 × ದೂರ) ಇಂದ ಗುಣಿಸಿ. ದೂರ ಮೀಟರ್‌ನಲ್ಲಿರಲಿ. ಎಲ್ಲ ಬಿಂದುಗಳದ್ದನ್ನೂ ಕೂಡಿಸಿ 50ರಿಂದ ಗುಣಿಸಿದರೆ ಆ ಕೋಶದಲ್ಲಿ ಹುಟ್ಟುವ ಶಾಖ.

ಈಗ ಈ ಹಂತದ ಪರೀಕ್ಷೆ. ಎಲ್ಲ ಕೋಶಗಳ ಶಾಖವನ್ನು ಕೂಡಿಸಿ, ಒಂದು ಕೋಶದ ಗಾತ್ರವಾದ 1.25 × 10⁻¹⁰ ಘನಮೀಟರ್‌ನಿಂದ ಗುಣಿಸಿ. ಮೇಲಿನ ಸೂತ್ರದಲ್ಲಿ ಕೊಟ್ಟ ವ್ಯಾಟ್ ಅಷ್ಟೂ ಅಂಗಾಂಶದಲ್ಲೇ ಹೀರಿಹೋಗಬೇಕು ಎಂಬುದು ಅಡಗಿದೆ, ಹಾಗಾಗಿ ಮೊತ್ತ 10ರ ಹತ್ತಿರ ಬರಬೇಕು. ಬರುವುದು ಸುಮಾರು 9, ಏಕೆಂದರೆ 1.65 ಮಿಲಿಮೀಟರ್ ವ್ಯಾಸದ ಕ್ಯಾತಿಟರ್ ಇರುವ ಕೋಶಗಳನ್ನು ನೀವು ಸೊನ್ನೆ ಮಾಡಿರುತ್ತೀರಿ, ಹತ್ತನೇ ಒಂದು ಪಾಲು ಅಲ್ಲಿ ಸೋರಿದೆ. ನಿಜದಲ್ಲಿ ಕ್ಯಾತಿಟರ್ ಪಾರದರ್ಶಕ, ಆ ಬೆಳಕು ಅಂಗಾಂಶಕ್ಕೇ ಹೋಗುತ್ತದೆ. ಎಲ್ಲ ಕೋಶಗಳನ್ನೂ 10 ÷ 9ರಿಂದ ಹಿಗ್ಗಿಸಿ ಸರಿಮಾಡಿ.

ಫೈಬರ್‌ನಿಂದ ನಿಜಕ್ಕೂ ಹೊರಬರುವ ವ್ಯಾಟ್ ಎಷ್ಟು ಎಂಬುದು ಬೇರೆ ಪ್ರಶ್ನೆ. ಯಂತ್ರದ ದಾಖಲೆಯಲ್ಲಿ ಶೇಕಡಾವಾರು ಇದ್ದರೆ ಗರಿಷ್ಠ ಎಷ್ಟು ಎಂದು ಕೇಳಿ ತಿಳಿಯಿರಿ. 15 ವ್ಯಾಟ್ ಯಂತ್ರದಲ್ಲಿ ಶೇ. 70 ಎಂದರೆ 10.5 ವ್ಯಾಟ್, ಅದರಲ್ಲೂ ಫೈಬರ್‌ನಲ್ಲಿ ಒಂದಿಷ್ಟು ನಷ್ಟ.

4. ಶಾಖದ ಸಮೀಕರಣ

ಹ್ಯಾರಿ ಪೆನ್ನೆಸ್ 1948ರಲ್ಲಿ ಕೊಟ್ಟ ಸಮೀಕರಣವೇ ಇಂದಿಗೂ ಆಧಾರ:

ಸಾಂದ್ರತೆ × ವಿಶಿಷ್ಟೋಷ್ಣ × ತಾಪಮಾನ ಏರುವ ದರ = ಅಕ್ಕಪಕ್ಕದಿಂದ ಹರಿದು ಬಂದ ಶಾಖ − ರಕ್ತ ಒಯ್ದ ಶಾಖ + ಬೆಳಕಿನಿಂದ ಹುಟ್ಟಿದ ಶಾಖ

ರಕ್ತ ಒಯ್ಯುವುದು: ಹರಿವು × ರಕ್ತದ ಸಾಂದ್ರತೆ × ರಕ್ತದ ವಿಶಿಷ್ಟೋಷ್ಣ × (ಆ ಜಾಗದ ತಾಪಮಾನ − ದೇಹದ ತಾಪಮಾನ).

ಕಾಮ್ಸಾಲ್ ತಂತ್ರಾಂಶದ ಪರವಾನಗಿ ಇದ್ದವರು ಬಯೋಹೀಟ್ ಮಾಡ್ಯೂಲ್ ಬಳಸಬಹುದು, ಮೆಶ್ ಕಟ್ಟಲು ತಾಳ್ಮೆ ಇದ್ದವರು ಫೆನಿಕ್ಸ್. ಮೊದಲ ಸಲಕ್ಕೆ ನಂಪೈನಲ್ಲಿ ಆರು ನೆರೆಕೋಶಗಳ ವ್ಯತ್ಯಾಸ ವಿಧಾನವೇ ವಾಸಿ. ಎಲ್ಲಿ ಏನಾಗುತ್ತಿದೆ ಎಂದು ಕಾಣುತ್ತದೆ. ಕಾಲದ ಹೆಜ್ಜೆಗೆ ಮಿತಿ ಇದೆ: ಕೋಶದ ಬದಿಯ ವರ್ಗವನ್ನು 6 × ಉಷ್ಣಪ್ರಸರಣ ಗುಣಾಂಕದಿಂದ ಭಾಗಿಸಿದಷ್ಟು. ಬೂದು ಭಾಗದ ಪ್ರಸರಣ ಗುಣಾಂಕ 1.42 × 10⁻⁷ ಚದರಮೀಟರ್/ಸೆಕೆಂಡ್, ಆದ್ದರಿಂದ ಅರ್ಧ ಮಿಲಿಮೀಟರ್ ಕೋಶಕ್ಕೆ ಮಿತಿ 0.29 ಸೆಕೆಂಡ್. 0.2 ಇಟ್ಟುಕೊಳ್ಳಿ. ಕೋಶವನ್ನು ಕಾಲು ಮಿಲಿಮೀಟರ್ ಮಾಡಿದರೆ ಮಿತಿ 0.07ಕ್ಕೆ ಇಳಿಯುತ್ತದೆ, ಕೋಶಗಳು ಎಂಟು ಪಟ್ಟು ಆಗುತ್ತವೆ. ಒಟ್ಟು ಕೆಲಸ 32 ಪಟ್ಟು. ಮಿತಿ ಮೀರಿದರೆ ತಾಪಮಾನ ಚದುರಂಗದ ಹಲಗೆಯಂತೆ ಒಂದು ಕೋಶ ಬಿಟ್ಟು ಒಂದು ಏರಿಳಿಯತೊಡಗಿ, ನೋಡನೋಡುತ್ತಾ ಲಕ್ಷ ಡಿಗ್ರಿ ದಾಟುತ್ತದೆ.

ಬೇರೆ ಬೇರೆ ಅಂಗಾಂಶದ ಎರಡು ಕೋಶಗಳ ನಡುವಿನ ಉಷ್ಣವಾಹಕತೆಗೆ ಹಾರ್ಮೋನಿಕ್ ಸರಾಸರಿ ಬಳಸಿ. ಘನದ ಹೊರ ಅಂಚನ್ನು ದೇಹದ ತಾಪಮಾನಕ್ಕೆ ಕಟ್ಟಿಹಾಕಿ. 30 ಮಿಲಿಮೀಟರ್ ಆಚೆ ಬಿಸಿ ತಲುಪುವುದಿಲ್ಲ. ಅರಿವಳಿಕೆಯಲ್ಲಿರುವ ರೋಗಿಯ ದೇಹ 37ಕ್ಕಿಂತ ತಣ್ಣಗಿರಬಹುದು. ದಾಖಲೆಯಲ್ಲಿ 36 ಇದ್ದರೆ 36 ಎಂದೇ ಹಾಕಿ. ಒಂದು ಡಿಗ್ರಿ ಎಷ್ಟು ಬೆಲೆಬಾಳುತ್ತದೆ ಎಂದು ಆರನೇ ಹಂತದಲ್ಲಿ ಕಾಣುತ್ತದೆ.

ಪರೀಕ್ಷೆಗೆ, ಎಲ್ಲವನ್ನೂ ಒಂದೇ ಅಂಗಾಂಶ ಮಾಡಿ, ಕ್ಯಾತಿಟರ್ ತೆಗೆದು, ನಡುವಿನ ಒಂದೇ ಕೋಶದಲ್ಲಿ 10 ವ್ಯಾಟ್ ಸುರಿಯಿರಿ. ಬೂದು ಭಾಗಕ್ಕೆ ಸೆಂಟಿಮೀಟರ್ ಆಚೆ 7 ಡಿಗ್ರಿ, ಬಿಳಿ ಭಾಗಕ್ಕೆ 30 ಡಿಗ್ರಿ ಬರಬೇಕು. ಬೂದು ಭಾಗ ಬೇಗ ನೆಲೆಗೊಳ್ಳುತ್ತದೆ, ಅದರ ಕಾಲಮಾನ 76 ಸೆಕೆಂಡ್. ಬಿಳಿ ಭಾಗದ್ದು ಸುಮಾರು 270. ಅದರ ಮೂರ್ನಾಲ್ಕು ಪಟ್ಟು ಹೊತ್ತು ಓಡಿಸಿದ ಮೇಲೆ ಅಳೆಯಿರಿ. ನಡುವಿನ ಕೋಶ ಅಸಂಬದ್ಧವಾಗಿ ಬಿಸಿಯಾಗುತ್ತದೆ. ಈ ಪರೀಕ್ಷೆಯಲ್ಲಿ ಅದನ್ನು ಲೆಕ್ಕಿಸಬೇಡಿ.

5. ಕ್ಯಾತಿಟರ್‌ನ ತಂಪು

ಫೈಬರ್ ಸುತ್ತ ಕ್ಯಾತಿಟರ್‌ನಲ್ಲಿ ಕೋಣೆಯ ತಾಪಮಾನದ ಸಲೈನ್ ಹರಿಯುತ್ತಿರುತ್ತದೆ. ನ್ಯೂರೋಬ್ಲೇಟ್‌ನಲ್ಲಿ ಇದೇ ಕೆಲಸಕ್ಕೆ ಇಂಗಾಲದ ಡೈಆಕ್ಸೈಡ್. ಅಂಗಾಂಶ ಕರಿಕಾಗದಿರಲಿ, ಫೈಬರ್ ಸುಡದಿರಲಿ ಎಂದು ಈ ಏರ್ಪಾಡು. ಇದರಿಂದಾಗಿ ಅತಿ ಬಿಸಿಯ ಜಾಗ ಕ್ಯಾತಿಟರ್‌ಗೆ ಅಂಟಿಕೊಂಡಿರದೆ ತುಸು ದೂರ ಸರಿಯುತ್ತದೆ. ನಿಮ್ಮ ನಕ್ಷೆಯಲ್ಲಿ ಅತಿ ಬಿಸಿ ಕ್ಯಾತಿಟರ್ ಮೈಮೇಲೇ ಇದ್ದರೆ ತಂಪಿನ ಕೋಡ್ ಕೆಲಸ ಮಾಡುತ್ತಿಲ್ಲ.

ಮಾದರಿಯಲ್ಲಿ ಕ್ಯಾತಿಟರ್ ಮೈಯ ಪ್ರತಿ ಚದರಮೀಟರ್ ಕಸಿಯುವ ಶಾಖ = ತಂಪು ಗುಣಾಂಕ × (ಅಂಗಾಂಶದ ತಾಪಮಾನ − ದ್ರವದ ತಾಪಮಾನ). ದ್ರವಕ್ಕೆ 21 ಡಿಗ್ರಿ ಹಾಕಿ. ಗುಣಾಂಕಕ್ಕೆ 500 ವ್ಯಾಟ್/ಚದರಮೀಟರ್/ಡಿಗ್ರಿಯಿಂದ ಶುರು ಮಾಡಿ. ಸರಿಯಾದ ಬೆಲೆ ಅಳತೆಯಿಂದಲೇ ಬರಬೇಕು. ಅದನ್ನು 2000ದ ಆಸುಪಾಸಿಗೆ ಏರಿಸುವುದಾದರೆ ಕಾಲದ ಹೆಜ್ಜೆಯನ್ನೂ 0.15ಕ್ಕೆ ಇಳಿಸಿ.

ಇಲ್ಲಿ ಚಿಕ್ಕದೊಂದು ಮೋಸ ಇದೆ, ಬಹಳ ಜನಕ್ಕೆ ಗೊತ್ತಾಗುವುದೇ ಇಲ್ಲ. ದುಂಡನೆಯ ಕ್ಯಾತಿಟರನ್ನು ಚೌಕ ಕೋಶಗಳಲ್ಲಿ ಕಟ್ಟಿದಾಗ ಅದರ ಮೈ ಮೆಟ್ಟಿಲು ಮೆಟ್ಟಿಲಾಗುತ್ತದೆ. ವೃತ್ತದ ಸುತ್ತಳತೆ ಪೈ × ವ್ಯಾಸ, ಮೆಟ್ಟಿಲಿನದ್ದು 4 × ವ್ಯಾಸ. ಕೋಶ ಎಷ್ಟೇ ಸಣ್ಣದು ಮಾಡಿ, ಮೆಟ್ಟಿಲಿನ ಉದ್ದ ಅಷ್ಟೇ. ಅಂದರೆ ತಂಪಾಗುವ ಮೈ ಯಾವಾಗಲೂ ಶೇ. 27 ಹೆಚ್ಚು. ಗ್ರಿಡ್ ಸಣ್ಣದಾದರೆ ಸರಿಹೋಗುತ್ತದೆ ಎಂದು ಕಾಯುವವರು ಕಾಯುತ್ತಲೇ ಇರುತ್ತಾರೆ. ಪರಿಹಾರ ಸರಳ: ಗುಣಾಂಕವನ್ನು ಪೈ ÷ 4, ಅಂದರೆ 0.785ರಿಂದ ಗುಣಿಸಿ. ಕ್ಯಾತಿಟರ್ ಅಕ್ಷಕ್ಕೆ ನೆಟ್ಟಗಿದ್ದರೆ ಮಾತ್ರ ಈ ಸಂಖ್ಯೆ ಸರಿ. ಮೊದಲ ಹಂತದಲ್ಲಿ ಚಿತ್ರ ತಿರುಗಿಸಲು ಹೇಳಿದ್ದು ಇದಕ್ಕೇ.

6. ಬೆಂದದ್ದು ಎಷ್ಟು

ತಾಪಮಾನ ಒಂದರಿಂದಲೇ ಜೀವಕೋಶ ಸತ್ತಿತೋ ಇಲ್ಲವೋ ಹೇಳಲಾಗದು, ಹೊತ್ತೂ ಬೇಕು. ಅದಕ್ಕೆ ಎರಡು ಅಳತೆಗೋಲು ಚಾಲ್ತಿಯಲ್ಲಿವೆ.

ಮೊದಲನೆಯದು ಅರ್ಹೇನಿಯಸ್ ಸೂತ್ರ. ಹೆನ್ರಿಕ್ಸ್ ಮತ್ತು ಮೊರಿಟ್ಜ್ 1947ರಲ್ಲಿ ಚರ್ಮದ ಸುಟ್ಟಗಾಯಗಳ ಅಧ್ಯಯನದಿಂದ ಶುರುಮಾಡಿದ ದಾರಿ. ಹೆನ್ರಿಕ್ಸ್ ಸಂಖ್ಯೆಗಳು: ಆವೃತ್ತಿ ಗುಣಾಂಕ 3.1 × 10⁹⁸ ಪ್ರತಿ ಸೆಕೆಂಡ್, ಶಕ್ತಿ 6.28 × 10⁵ ಜೂಲ್/ಮೋಲ್. ಹಾನಿಯ ಮೊತ್ತ 1 ಆದರೆ ಶೇ. 63ರಷ್ಟು ನಾಶ. ಎರಡನೆಯದು ಸಪರೆಟೊ ಮತ್ತು ಡ್ಯೂಯಿ 1984ರಲ್ಲಿ ಕೊಟ್ಟ 43 ಡಿಗ್ರಿಯ ಸಮಾನ ನಿಮಿಷಗಳು. 43ರ ಮೇಲೆ ಪ್ರತಿ ಡಿಗ್ರಿಗೆ ಬೇಕಾದ ಹೊತ್ತು ಅರ್ಧವಾಗುತ್ತದೆ, 43ರ ಕೆಳಗೆ ಪ್ರತಿ ಡಿಗ್ರಿ ಇಳಿದಂತೆ ನಾಲ್ಕು ಪಟ್ಟಾಗುತ್ತದೆ. ಒಂದು ಡಿಗ್ರಿ ತಪ್ಪಿದರೆ ಲೆಕ್ಕ ಎರಡು ಪಟ್ಟು ತಪ್ಪುತ್ತದೆ ಎಂದಾಯಿತು.

ಎರಡೂ ಒಂದೇ ಉತ್ತರ ಕೊಡುತ್ತವೆ ಎಂದುಕೊಳ್ಳಬೇಡಿ. ಎರಡನೆಯದಕ್ಕೆ 240 ನಿಮಿಷದ ಮಿತಿ ಇಟ್ಟು, ಸಾಯಲು ಬೇಕಾದ ಹೊತ್ತನ್ನು ಹೋಲಿಸಿ:

- 50 ಡಿಗ್ರಿಯಲ್ಲಿ: ಅರ್ಹೇನಿಯಸ್ ಸುಮಾರು ಹದಿನೇಳೂವರೆ ನಿಮಿಷ, ಸಮಾನ ನಿಮಿಷಗಳ ಲೆಕ್ಕ ಎರಡು ನಿಮಿಷಕ್ಕೂ ಕಡಿಮೆ
- 55 ಡಿಗ್ರಿಯಲ್ಲಿ: 30 ಸೆಕೆಂಡ್, ಇನ್ನೊಂದರಲ್ಲಿ ಮೂರೂವರೆ ಸೆಕೆಂಡ್
- 60 ಡಿಗ್ರಿಯಲ್ಲಿ: ಒಂದು ಸೆಕೆಂಡ್, ಇನ್ನೊಂದರಲ್ಲಿ ಅದರ ಹತ್ತನೇ ಒಂದು

60 ದಾಟಿದ ಮೇಲೆ ಯಾವುದಾದರೂ ಸರಿಯೇ, ಕ್ಷಣದಲ್ಲಿ ಬೆಂದಿರುತ್ತದೆ. ಜಗಳ ಇರುವುದು ಅಂಚಿನಲ್ಲಿ, ನಮಗೆ ಬೇಕಾದ್ದೂ ಅಂಚೇ. ವಿಶುವಲೇಸ್ ಅರ್ಹೇನಿಯಸ್ ಬಳಸುತ್ತದೆ. ನ್ಯೂರೋಬ್ಲೇಟ್ ಪರದೆಯಲ್ಲಿ ಹಳದಿ, ನೀಲಿ, ಬಿಳಿ ಗೆರೆಗಳು ಕ್ರಮವಾಗಿ 2, 10, 60 ಸಮಾನ ನಿಮಿಷಗಳದ್ದು. ಯಾವ ಯಂತ್ರದ ದತ್ತಾಂಶಕ್ಕೆ ಹೋಲಿಸುತ್ತೀರೋ ಅದರ ಅಳತೆಗೋಲನ್ನೇ ಹಿಡಿಯಿರಿ.

ಕೋಡ್ ಬರೆಯುವಾಗ ತಾಪಮಾನ ಕೆಲ್ವಿನ್‌ನಲ್ಲಿರಲಿ. 10⁹⁸ ಎಂಬ ಸಂಖ್ಯೆಯನ್ನು ನೇರವಾಗಿ ಗುಣಿಸಬೇಡಿ. 32 ಬಿಟ್‌ನಲ್ಲಿ ಓಡಿಸಿದರೆ ಅದು ಅನಂತವಾಗುತ್ತದೆ, ಎಕ್ಸ್‌ಪೊನೆನ್ಷಿಯಲ್ ಭಾಗ ಸೊನ್ನೆಯಾಗುತ್ತದೆ. ಎರಡರ ಗುಣಲಬ್ಧ ಸಂಖ್ಯೆಯೇ ಅಲ್ಲದ ಯಾವುದೋ ಆಗಿ ಇಡೀ ನಕ್ಷೆ ಖಾಲಿ ಬರುತ್ತದೆ. ಲಾಗರಿದಮ್ ತೆಗೆದು, ಸೆಕೆಂಡಿಗೆ ಆಗುವ ಹಾನಿಯನ್ನು ಎಕ್ಸ್‌ಪ್(226.78 − 6.28 × 10⁵ ÷ (8.314 × ಕೆಲ್ವಿನ್)) ಎಂದು ಬರೆಯಿರಿ.

ಹಾನಿ ಗೊತ್ತಾದ ಮೇಲೆ ಅದನ್ನು ಹಿಂದಕ್ಕೆ ಉಣಿಸಬೇಕು. ಬೆಂದ ಜಾಗದಲ್ಲಿ ರಕ್ತನಾಳಗಳು ಮುಚ್ಚುತ್ತವೆ: ಪ್ರತಿ ಹೆಜ್ಜೆಯಲ್ಲೂ ಮೂಲ ಹರಿವನ್ನು ಎಕ್ಸ್‌ಪ್(−ಹಾನಿ) ಇಂದ ಗುಣಿಸಿ. ಮೊಟ್ಟೆಯ ಬಿಳಿ ಬೆಂದಾಗ ಪಾರದರ್ಶಕತೆ ಹೋಗುವಂತೆ ಅಂಗಾಂಶವೂ ಬೆಳಕನ್ನು ಹೆಚ್ಚು ಚದುರಿಸತೊಡಗುತ್ತದೆ. ಚದುರುವಿಕೆ 1000ದಿಂದ 2500 ಆದರೆ ತೂರುವ ಆಳ 2.5ರಿಂದ 1.6 ಮಿಲಿಮೀಟರ್‌ಗೆ ಕುಗ್ಗುತ್ತದೆ. ಬೆಳಕು ಮುಂದೆ ಹೋಗದೆ ಕ್ಯಾತಿಟರ್ ಹತ್ತಿರವೇ ಶಾಖ ಗುಡ್ಡೆ ಬೀಳುತ್ತದೆ. ಇದನ್ನು ಸೇರಿಸದ ಮಾದರಿ ದೂರಕ್ಕೆ ಹೆಚ್ಚು, ಹತ್ತಿರಕ್ಕೆ ಕಡಿಮೆ ಬಿಸಿ ತೋರಿಸುತ್ತದೆ. ಸೇರಿಸಿದರೆ ಮೂರನೇ ಹಂತದ ಬಿಂದುಸೂತ್ರ ಸಾಲದು, ಪ್ರಸರಣ ಸಮೀಕರಣವನ್ನೇ ಗ್ರಿಡ್ ಮೇಲೆ ಬಿಡಿಸಬೇಕು. ಐದು ಸೆಕೆಂಡಿಗೊಮ್ಮೆ ಬಿಡಿಸಿದರೆ ಸಾಕು. 100 ಡಿಗ್ರಿ ದಾಟಿದ ಕೋಶ ಕಂಡರೆ ಅಲ್ಲಿಗೇ ನಿಲ್ಲಿಸಿ. ನೀರು ಆವಿಯಾಗುವುದು, ಕರಿಕಾಗುವುದು ಈ ಮಾದರಿಯಲ್ಲಿಲ್ಲ.

ಲೇಸರ್ ನಿಲ್ಲಿಸಿದ ಕ್ಷಣಕ್ಕೆ ಲೆಕ್ಕ ನಿಲ್ಲಿಸುವುದು ಇನ್ನೊಂದು ತಪ್ಪು. ಒಲೆ ಆರಿಸಿದ ಮೇಲೂ ಕಾವಲಿಯ ಮೇಲಿನ ರೊಟ್ಟಿ ಬೇಯುತ್ತಲೇ ಇರುತ್ತದೆಯಲ್ಲ, ಹಾಗೆ. ಅಮೆರಿಕದ ಎಫ್‌ಡಿಎ 2018ರಲ್ಲಿ ಈ ಚಿಕಿತ್ಸೆಯ ತಾಪಮಾನ ನಕ್ಷೆಗಳ ಬಗ್ಗೆ ವೈದ್ಯರಿಗೆ ಎಚ್ಚರಿಕೆ ಪತ್ರ ಬರೆದಾಗ ಹೇಳಿದ ಕಾರಣಗಳಲ್ಲಿ, ಲೇಸರ್ ನಿಂತ ಮೇಲೂ ಶಾಖ ಹರಡುವುದು ಒಂದು. ಮೂರು ನಿಮಿಷ ಬಿಸಿ ಮಾಡಿದರೆ ಮೂರು ನಿಮಿಷ ತಣಿಯಲೂ ಬಿಡಿ: 0.2 ಸೆಕೆಂಡಿನ 1800 ಹೆಜ್ಜೆ.

7. ಅಳತೆಗೆ ಹೋಲಿಸುವುದು

ಎಂಆರ್‌ಐ ತಾಪಮಾನ ಅಳೆಯುವುದು ನೀರಿನ ಪ್ರೋಟಾನ್‌ನ ಆವರ್ತನ ಸರಿಯುವುದರಿಂದ, ಡಿಗ್ರಿಗೆ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು. 1.5 ಟೆಸ್ಲಾದಲ್ಲಿ, ಎಕೋ ಸಮಯ (ಸಂಕೇತ ಹುಟ್ಟಿಸಿ ಅಳೆಯುವವರೆಗಿನ ಹೊತ್ತು) 20 ಮಿಲಿಸೆಕೆಂಡ್ ಇದ್ದರೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಫೇಸ್ (ಸಂಕೇತದ ಅಲೆಯ ಕೋನ) 4.6 ಕೋನಡಿಗ್ರಿ ತಿರುಗುತ್ತದೆ. 180 ದಾಟಿದರೆ ಫೇಸ್ ಸುತ್ತು ಹಾಕಿ ಚಿಹ್ನೆ ಬದಲಾಗುತ್ತದೆ. 39 ಡಿಗ್ರಿ ಏರಿಕೆಯ ಆಚೆ ಅಂಗಾಂಶ ಹಠಾತ್ತನೆ ಹಿಮದಂತೆ ತಣ್ಣಗಾದದ್ದು ಕಂಡರೆ ಕಾರಣ ಇದೇ. 3 ಟೆಸ್ಲಾದಲ್ಲಿ ಈ ಸುತ್ತು 20 ಡಿಗ್ರಿಯೊಳಗೇ ಬರುತ್ತದೆ. ಹಾಗಾಗಿ ಮೊದಲ ಚಿತ್ರದಿಂದ ಒಂದೇ ಸಲ ಕಳೆಯದೆ, ಹಿಂದಿನ ಚಿತ್ರಕ್ಕೆ ಹೋಲಿಸುತ್ತಾ ಕೂಡಿಸಿಕೊಂಡು ಹೋಗಿ. ಬಿಸಿಯಾಗದ ದೂರದ ಜಾಗವೊಂದನ್ನು ಆರಿಸಿ, ಅಲ್ಲಿ ಕಾಣುವ ಅಲೆತವನ್ನು ಎಲ್ಲದರಿಂದ ಕಳೆಯಿರಿ.

ಎಂಆರ್‌ಐನ ಒಂದು ಪಿಕ್ಸೆಲ್ ಹಲವು ಮಿಲಿಮೀಟರ್ ದಪ್ಪದ ಸ್ಲೈಸ್‌ನ ಸರಾಸರಿ, ಹಲವು ಸೆಕೆಂಡುಗಳ ಸರಾಸರಿ. ನಿಮ್ಮ ಮಾದರಿಯನ್ನೂ ಅದೇ ಗಾತ್ರ, ಅದೇ ಹೊತ್ತಿಗೆ ಸರಾಸರಿ ಮಾಡಿದ ಮೇಲೆ ಹೋಲಿಸಿ. ಇಲ್ಲದಿದ್ದರೆ ಶಿಖರದಲ್ಲಿ ನಿಮ್ಮದೇ ಯಾವಾಗಲೂ ಹೆಚ್ಚು ಬಿಸಿ ಕಾಣುತ್ತದೆ, ಇಲ್ಲದ ತಪ್ಪನ್ನು ತಿದ್ದಲು ಹೊರಡುತ್ತೀರಿ.

ಹೊಂದಾಣಿಕೆ ಹೇಳಲು ಎಲ್ಲರೂ ಡೈಸ್ ಸಂಖ್ಯೆ ಕೊಡುತ್ತಾರೆ, ಎರಡು ಆಕಾರಗಳು ಒಂದರ ಮೇಲೊಂದು ಎಷ್ಟು ಕೂರುತ್ತವೆ ಎಂಬ ಅಳತೆ; ಪೂರ್ತಿ ಕೂತರೆ 1. ಅದನ್ನೊಂದೇ ಕೊಡಬೇಡಿ. ಸುತ್ತಲೂ ಒಂದು ಮಿಲಿಮೀಟರ್ ದೊಡ್ಡದಾಗಿ ಲೆಕ್ಕ ಹಾಕಿದ್ದೀರಿ ಎನ್ನಿ: ನಿಜವಾದ ವ್ಯಾಸ 20 ಮಿಲಿಮೀಟರ್ ಇದ್ದರೆ ಡೈಸ್ 0.86, ವ್ಯಾಸ 10 ಇದ್ದರೆ 0.73. ತಪ್ಪು ಒಂದೇ, ಅಂಕ ಬೇರೆ. ಅಂಚುಗಳ ನಡುವಿನ ದೂರವನ್ನು ಮಿಲಿಮೀಟರ್‌ನಲ್ಲಿ ಜೊತೆಗೆ ಬರೆಯಿರಿ.

ಇನ್ನು ಗುಣಾಂಕಗಳನ್ನು ಅಳತೆಗೆ ಹೊಂದಿಸುವುದು. ಬೆಳಕಿನ ಗುಣಾಂಕ, ರಕ್ತದ ಹರಿವು, ತಂಪು ಗುಣಾಂಕ, ಮೂರನ್ನೂ ಒಟ್ಟಿಗೆ ಆಪ್ಟಿಮೈಸರ್ ಕೈಗೆ ಕೊಟ್ಟರೆ ಅದು ಒಂದರ ತಪ್ಪನ್ನು ಇನ್ನೊಂದರಲ್ಲಿ ಮುಚ್ಚಿ, ಅಸಂಬದ್ಧ ಸಂಖ್ಯೆಗಳಿಂದ ಸುಂದರ ಹೊಂದಾಣಿಕೆ ತೋರಿಸುತ್ತದೆ. ಬಿಡಿಸುವ ದಾರಿ ತಣಿಯುವ ಅವಧಿಯಲ್ಲಿದೆ. ಲೇಸರ್ ನಿಂತ ಮೇಲೆ ಬೆಳಕಿಲ್ಲ, ಆಗ ನಡೆಯುವುದು ವಹನ, ರಕ್ತ ಮತ್ತು ತಂಪು ಮಾತ್ರ. ಲೇಸರ್ ನಿಂತ ಕ್ಷಣದ ಅಳತೆಯ ನಕ್ಷೆಯನ್ನೇ ಆರಂಭವಾಗಿ ಕೊಟ್ಟು ತಣಿಯುವ ಭಾಗವನ್ನಷ್ಟೇ ಓಡಿಸಿ. ಕ್ಯಾತಿಟರ್‌ನಿಂದ 2-3 ಮಿಲಿಮೀಟರ್ ಒಳಗಿನ ಪಿಕ್ಸೆಲ್‌ಗಳಿಂದ ತಂಪು ಗುಣಾಂಕವನ್ನು, ಬೇಯದ ಹೊರಗಿನ ಪಿಕ್ಸೆಲ್‌ಗಳಿಂದ ರಕ್ತದ ಹರಿವನ್ನು ಹೊಂದಿಸಿ. ಅವೆರಡನ್ನೂ ಬೀಗ ಹಾಕಿಟ್ಟು, ಆಮೇಲೆ ಬಿಸಿಯಾಗುವ ಭಾಗದ ಮೊದಲ 30 ಸೆಕೆಂಡಿನಿಂದ ಬೆಳಕಿನ ಗುಣಾಂಕ ತೆಗೆಯಿರಿ; ಆ ಹೊತ್ತಿಗೆ ಬೆಂದ ಭಾಗ ಇನ್ನೂ ಕಡಿಮೆ, ಗುಣ ಬದಲಾಗಿರುವುದೂ ಕಡಿಮೆ. ಉಳಿದ ಎರಡೂವರೆ ನಿಮಿಷವನ್ನು ಹೊಂದಿಸಲು ಮುಟ್ಟಬೇಡಿ. ಮಾದರಿ ಮುಂದಿನದನ್ನು ಹೇಳಬಲ್ಲದೇ ಎಂದು ನೋಡಲು ನಿಮ್ಮ ಬಳಿ ಇರುವುದು ಅದೊಂದೇ.